ಓದುಗರ ಪ್ರಶ್ನೆ: ಮಣ್ಣಿನ ಬಣ್ಣ ಉದುರುವುದೇಕೆ?

ಪ್ರಶ್ನೆ: ನಮ್ಮೂರ ಎರೆಮಣ್ಣು, ಧಾರವಾಡದ ಕಡೆಯಿಂದ ತಂದ ಕೆಮ್ಮಣ್ಣು ಎರಡನ್ನೂ ನೀರಿನಲ್ಲಿ ಕಲಸಿ ಮಕ್ಕಳಿಂದ ಡ್ರಾಯಿಂಗ್ ಹಾಳೆಯ ಮೇಲೆ ಚಿತ್ರ ಬರೆಸಿದೆವು. ಒಣಗಿದ ಮೇಲೆ ಕೆಂಪು ಕೈಗೆ ಹತ್ತುತ್ತದೆ, ಕಪ್ಪು ಹಕ್ಕಳೆ ಎದ್ದು ಉದುರುತ್ತದೆ. ಏನು ಮಾಡಬೇಕು?
– ಶಿಕ್ಷಕಿ, ನವಲಗುಂದ

ಉತ್ತರ: ಕೆಂಪು ಕೈಗೆ ಹತ್ತುವುದು ಅಂಟು ಇಲ್ಲದ್ದರಿಂದ. ನೀರು ಆರಿದ ಮೇಲೆ ಮಣ್ಣಿನ ಕಣಗಳನ್ನು ಹಾಳೆಗೆ ಹಿಡಿದಿಡಲು ಏನೂ ಉಳಿಯುವುದಿಲ್ಲ. ಎರೆಮಣ್ಣಿನ ತೊಂದರೆ ಬೇರೆ. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಹೊಲ ಬಿರಿಯುವುದೂ ಇದಕ್ಕೇ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಆ ಜಿಗುಟೇ ಬೇಕು, ಬಣ್ಣಕ್ಕೆ ಅದೇ ಕಾಟ.

ಮೊದಲು ಮಣ್ಣನ್ನು ತೊಳೆಯಿರಿ. ಕುಟ್ಟಿ ಜರಡಿ ಹಿಡಿದ ಒಂದು ಬಟ್ಟಲು ಮಣ್ಣಿಗೆ ಐದು ಬಟ್ಟಲು ನೀರು ಹಾಕಿ ಚೆನ್ನಾಗಿ ಕದಡಿ. ಒಂದು ನಿಮಿಷ ಬಿಟ್ಟರೆ ಮರಳು ತಳಕ್ಕೆ ಕೂರುತ್ತದೆ. ಮೇಲಿನ ರಾಡಿ ನೀರನ್ನಷ್ಟೇ ತೆಳು ಬಟ್ಟೆಯಲ್ಲಿ ಇನ್ನೊಂದು ಪಾತ್ರೆಗೆ ಸೋಸಿ. ಕೆಮ್ಮಣ್ಣು ಸಾಮಾನ್ಯವಾಗಿ ರಾತ್ರಿ ಕಳೆಯುವುದರೊಳಗೆ ತಳಕ್ಕೆ ಇಳಿಯುತ್ತದೆ. ಎರೆಮಣ್ಣಿಗೆ ಎರಡು ಮೂರು ದಿನ ಹಿಡಿಯಬಹುದು, ಅವಸರ ಬೇಡ. ತಿಳಿನೀರು ಬಸಿದು, ಉಳಿದ ಕೆನೆಮಣ್ಣನ್ನು ತಟ್ಟೆಯಲ್ಲಿ ಒಣಗಿಸಿ ನುಣ್ಣಗೆ ಅರೆಯಿರಿ.

ಅಂಟಿಗೆ ಕರಿಜಾಲಿ ಅಥವಾ ಬೇವಿನ ಗೋಂದು ಆದೀತು. ಒಂದು ಪಾಲು ಗೋಂದನ್ನು ಎರಡು ಪಾಲು ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ. ಕರಗದೆ ಲೋಳೆಯಾಗಿ ಉಬ್ಬಿದರೆ ಅಂಗಡಿಯವರು ಕೊಟ್ಟದ್ದು ಕತೀರಾ, ಅದು ಈ ಕೆಲಸಕ್ಕೆ ಬಾರದು. ಎರಡು ಚಮಚ ಮಣ್ಣಿನ ಪುಡಿಗೆ ಒಂದು ಚಮಚ ಅಂಟುನೀರು, ಎರಡು ಹನಿ ಜೇನು ಸೇರಿಸಿ ಅರೆಯಿರಿ. ಜೇನು ಬಣ್ಣವನ್ನು ಸೆಟೆಯಗೊಡುವುದಿಲ್ಲ. ಅಂಟುನೀರು ಬೇಗ ಬೂಸುರು ಹಿಡಿಯುತ್ತದೆ. ಒಂದು ಹನಿ ಲವಂಗದ ಎಣ್ಣೆ ಹಾಕಿಡಿ.

ಹಾಳೆಯ ಮೂಲೆಯಲ್ಲಿ ಹಚ್ಚಿ, ಒಣಗಿದ ಮೇಲೆ ಬೆರಳಿನಿಂದ ಉಜ್ಜಿ ನೋಡಿ. ಪುಡಿ ಬಂದರೆ ಅಂಟು ಕಡಿಮೆ. ಹೊಳೆದು ಬಿರಿದರೆ ಅಂಟು ಹೆಚ್ಚು. ಎರೆಮಣ್ಣಿಗೆ ಇದೂ ಸಾಲದು. ಅದರಷ್ಟೇ ಇದ್ದಿಲ ಪುಡಿ ಬೆರೆಸಿ. ಇದ್ದಿಲು ಉಬ್ಬುವುದಿಲ್ಲ, ಒಣಗಿ ಬೂದಿಬಣ್ಣಕ್ಕೆ ತಿರುಗುವ ಎರೆಗೆ ನಿಜವಾದ ಕಪ್ಪನ್ನೂ ಕೊಡುತ್ತದೆ. ಒಮ್ಮೆಗೇ ದಪ್ಪ ಹಚ್ಚದೆ, ಒಂದು ಪದರ ಆರಿದ ಮೇಲೆ ಇನ್ನೊಂದು ತೆಳ್ಳಗೆ ಹಚ್ಚಿ.

ಪ್ರಶ್ನೆ: ಅರಿಷಿಣದಿಂದ ಬರೆದ ಚಿತ್ರ ಕಿಟಕಿಯ ಪಕ್ಕ ತೂಗುಹಾಕಿದ ಕೆಲವೇ ವಾರಗಳಲ್ಲಿ ಬಿಳಚಿಕೊಂಡಿತು. ಪಟಿಕ ಬೆರೆಸಿದರೆ ಉಳಿದೀತೆ?
– ಓದುಗರು, ಹಾವೇರಿ

ಉತ್ತರ: ಇಲ್ಲ. ಅರಿಷಿಣದ ಹಳದಿಯನ್ನು ಬೆಳಕೇ ಒಡೆಯುತ್ತದೆ, ಮುತ್ತುಗದ ಹೂವಿನ ಬಣ್ಣವೂ ಬಿಸಿಲಿಗೆ ನಿಲ್ಲುವುದಿಲ್ಲ. ಸುಣ್ಣ ಬಳಿದ ಗೋಡೆಗಂತೂ ಅರಿಷಿಣ ಹಚ್ಚಬೇಡಿ, ಆರತಿಯ ನೀರಿನಂತೆ ಕೆಂಪಾಗಿಬಿಡುತ್ತದೆ. ತೂಗುಹಾಕುವ ಚಿತ್ರಕ್ಕೆ ಹಳದಿ ಮಣ್ಣು ಬಳಸಿ. ಅದರ ಬಣ್ಣ ಕಬ್ಬಿಣದ ಅಂಶದ್ದು, ಬೆಳಕಿಗೆ ಮಾಸದು. ಅದೇ ಪುಡಿಯನ್ನು ಕಬ್ಬಿಣದ ಹಂಚಿನ ಮೇಲೆ ಕೈಯಾಡಿಸುತ್ತ ಚೆನ್ನಾಗಿ ಹುರಿದರೆ ನೀರಿನಂಶ ಹೋಗಿ ಕೆಂಪಿಗೆ ತಿರುಗುತ್ತದೆ. ನಡುನಡುವೆ ಸ್ವಲ್ಪ ಸ್ವಲ್ಪ ತೆಗೆದಿಟ್ಟರೆ ಒಂದೇ ಮಣ್ಣಿನಿಂದ ನಾಲ್ಕೈದು ಛಾಯೆ ಸಿಗುತ್ತವೆ. ಮಣ್ಣಿಗಾಗಿ ಕಪ್ಪತಗುಡ್ಡಕ್ಕೆ ಹೋಗಬೇಡಿ, ಅದು 2019ರಿಂದ ವನ್ಯಜೀವಿಧಾಮ. ಮನೆಯ ಪಾಯ ತೋಡಿದಲ್ಲಿ ಕೇಳಿ, ಬುಟ್ಟಿ ತುಂಬ ಕೊಡುತ್ತಾರೆ.