ಬರೀ ಒಣಹುಲ್ಲು ತಿಂದು ಕುರಿ ಸೊರಗ್ತಿವೆ, ಹಾಲುವಾಣದ ಸೊಪ್ಪು ಹಾಕ್ಬಹುದಾ?

ಪ್ರಶ್ನೆ: ನಮಸ್ತೆ ಸಾರ್, ನಮ್ದು ಶನಿವಾರಸಂತೆ ಹತ್ರ, ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ, ಜೊತೆಗೆ ಒಂದಷ್ಟು ಕುರಿ. ಗದ್ದೆ ಕೊಯ್ಲಾದ್ಮೇಲೆ ಮಳೆ ಹಿಡಿಯೋವರ್ಗೂ ಭತ್ತದ ಹುಲ್ಲು, ಜೋಳದ ದಂಟು ಬಿಟ್ರೆ ಏನೂ ಇರಲ್ಲ, ಹೊಟ್ಟೆ ತುಂಬ ಹಾಕಿದ್ರೂ ಸೊರಗ್ತಾನೇ ಇವೆ, ಮರಿ ಹಾಕಿದವಕ್ಕೆ ಹಾಲೂ ಇಲ್ಲ. ತೋಟದಲ್ಲಿ ನೆರಳಿಗೆ ಹಾಲುವಾಣದ ಮರ, ಬೇಲಿಲಿ ಗ್ಲಿರಿಸಿಡಿಯಾ, ಸುಬಾಬುಲ್ ಇದೆ. ಈ ಸೊಪ್ಪು ಹಾಕ್ಬಹುದಾ, ಎಷ್ಟು ಹಾಕ್ಬೇಕು?

ಉತ್ತರ: ಖಂಡಿತ ಹಾಕಿ. ಭತ್ತದ ಹುಲ್ಲಲ್ಲಿ ಪ್ರೋಟೀನ್ ಇರೋದು ನೂರಕ್ಕೆ 3-4 ಭಾಗ ಅಷ್ಟೇ. ಕುರಿ ಹೊಟ್ಟೇಲಿ ನಾರು ಕರಗಿಸೋ ಸೂಕ್ಷ್ಮಜೀವಿಗಳಿಗೇ ಕಮ್ಮಿ ಅಂದ್ರೂ 7 ಭಾಗ ಬೇಕು, ಅದು ಸಿಗ್ಲಿಲ್ಲ ಅಂದ್ರೆ ಹುಲ್ಲು ಬೇಗ ಕರಗಲ್ಲ, ಹೊಟ್ಟೆ ದಪ್ಪ ಕಾಣತ್ತೆ ಆದ್ರೆ ಬೆನ್ನು ಸವರಿದ್ರೆ ಮೂಳೆ ಕೈಗೆ ಸಿಗತ್ತೆ. ನೀವು ಹೇಳಿದ ಮೂರೂ ದ್ವಿದಳ ಜಾತಿ ಮರಗಳೇ, ಒಣಗಿದ ಲೆಕ್ಕದಲ್ಲಿ ಎಲೇಲಿ ಸುಮಾರು 20 ಭಾಗ ಪ್ರೋಟೀನ್ ಇರತ್ತೆ, ಸೊಪ್ಪು ಸೇರಿದ್ರೆ ಅದೇ ಹುಲ್ಲನ್ನ ಕುರಿ ಜಾಸ್ತಿ ತಿಂದು ಚೆನ್ನಾಗಿ ಅರಗಿಸ್ಕೊಳತ್ತೆ. 25-30 ಕೆಜಿ ಕುರಿಗೆ ದಿನಕ್ಕೆ 1 ಕೆಜಿ ಹಸಿ ಸೊಪ್ಪು ಸಾಕು, ಮರಿ ಹಾಕಿದವಕ್ಕೆ ಸ್ವಲ್ಪ ಜಾಸ್ತಿ. ಒಂದು ಹಿಡಿಯಿಂದ ಶುರು ಮಾಡಿ ಎರಡು ವಾರದಲ್ಲಿ ಏರಿಸ್ತಾ ಹೋಗಿ, ಹುಲ್ಲು ಮಾತ್ರ ನಿಲ್ಲಿಸ್ಬೇಡಿ.

ಗ್ಲಿರಿಸಿಡಿಯಾ ವಾಸನೆಗೆ ಮೊದಮೊದಲು ಮೂಸಿ ಬಿಟ್ಬಿಡ್ತವೆ, ಹಿಂದಿನ ಸಂಜೆ ಕಡಿದು ನೆರಳಲ್ಲಿ ಹರಡಿ ಬಾಡಿಸಿ ಹಾಕಿ, ಗುಡ್ಡೆ ಹಾಕಿ ಬೂಸ್ಟು ಹಿಡಿದಿದ್ದು ಬೇಡ. ಸುಬಾಬುಲ್‌ನಲ್ಲಿ ಮಿಮೋಸಿನ್ ಅನ್ನೋ ವಿಷ ಇದೆ, ಜಾಸ್ತಿಯಾದ್ರೆ ಉಣ್ಣೆ ಉದುರತ್ತೆ, ಒಟ್ಟು ಮೇವಲ್ಲಿ ಮೂರನೇ ಒಂದು ಭಾಗ ದಾಟೋದು ಬೇಡ.

ಈಗ ನಮ್ಮ ಕೊಡಗಿನೋರು ಮುಖ್ಯವಾಗಿ ನೋಡ್ಬೇಕಾದ್ದು ಬೋರ್ಡೋ, ಅಂದ್ರೆ ರೋಗಕ್ಕೆ ಹೊಡೆಯೋ ಮೈಲುತುತ್ತ-ಸುಣ್ಣದ ದ್ರಾವಣ. ಮರಕಪಾತು ಮಾಡಿದಾಗ, ಅಂದ್ರೆ ನೆರಳಿನ ಮರದ ಕೊಂಬೆ ಸವರಿದಾಗ, ಹಾಲುವಾಣದ ಸೊಪ್ಪು ರಾಶಿ ಸಿಗತ್ತೆ ನಿಜ, ಆದ್ರೆ ಕಾಫಿಗೋ ಮೆಣಸಿನ ಬಳ್ಳಿಗೋ ಬೋರ್ಡೋ ಹೊಡೆದಿದ್ರೆ ಆ ಮರದ ಕೆಳಗಿನ ಚಿಗುರಿಗೂ ಬಿದ್ದಿರತ್ತೆ, ಎಲೆ ಮೇಲೆ ತಿಳಿನೀಲಿ ಕಲೆ ಒಣಗಿ ಕೂತಿರೋದು ಕಾಣತ್ತೆ. ಅದು ಮೈಲುತುತ್ತ, ಅಂದ್ರೆ ತಾಮ್ರ. ದನ ಸುಮಾರು ತಡ್ಕೊಳತ್ತೆ, ಕುರಿ ತಡ್ಕೊಳಲ್ಲ, ಹೆಚ್ಚಾದ ತಾಮ್ರನ ಹೊರಗೆ ಹಾಕೋಕಾಗ್ದೆ ಲಿವರ್‌ನಲ್ಲಿ ವಾರಗಟ್ಲೆ ತಿಂಗಳುಗಟ್ಲೆ ಸೇರಿಸ್ಕೊಂಡು ಹೋಗತ್ತೆ, ಹೊರಗೆ ಏನೂ ಗೊತ್ತಾಗಲ್ಲ, ಆಮೇಲೆ ಒಂದಿನ ಇದ್ದಕ್ಕಿದ್ದಂಗೆ ಕಣ್ಣು ಹಳದಿ, ಉಚ್ಚೆ ಕೆಂಪು, ಒಂದೆರಡು ದಿನದಲ್ಲಿ ಸಾಯತ್ತೆ. ಹಂಗೆ ಕಂಡ್ರೆ ಕಾಯ್ಬೇಡಿ, ಅವತ್ತೇ ಪಶು ಡಾಕ್ಟ್ರನ್ನ ಕರೆಸಿ. ಹಾಗಾಗಿ ಸ್ಪ್ರೇಗೆ ಮುಂಚೆನೇ ಸೊಪ್ಪು ಕಡ್ಕೊಳಿ, ಇಲ್ಲಾಂದ್ರೆ ತೋಟದಿಂದ ದೂರದ ಬೇಲಿ ಸೊಪ್ಪು ಹಾಕಿ. ದನದ ಮಿನರಲ್ ಮಿಕ್ಸ್‌ಚರಲ್ಲೂ ತಾಮ್ರ ಜಾಸ್ತಿ, ಕುರಿದೇ ಕೇಳಿ ತಗೊಳಿ.

ಮುಂದಿನ ವರ್ಷಕ್ಕೆ ಮಳೆ ಹಿಡಿದ ಕೂಡ್ಲೇ ಬೇಲಿ ಉದ್ದಕ್ಕೂ ಗ್ಲಿರಿಸಿಡಿಯಾ ಗೂಟ ನೆಡಿ, ಕೊಯ್ಲಾದ ಗದ್ದೇಲಿ ತೇವ ಇರೋವಾಗ್ಲೇ ಅಲಸಂದೆ ಚೆಲ್ಲಿ.