ಫ್ಲೈ ಕಾಸ್ಟಿಂಗ್ ಕಲಿಯೋಕೆ ಗೈಡ್ ಬೇಕಾ, ಇನ್‌ಸ್ಟ್ರಕ್ಟರ್ ಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ರಾಯಚೂರಿನಲ್ಲಿದ್ದೀರಿ. ಐದನೇ ನಂಬರಿನ, ಒಂಬತ್ತು ಅಡಿಯ ಫ್ಲೈ ರಾಡ್, ಅಂದರೆ ಪುಕ್ಕ ಕಟ್ಟಿದ ಕೊಕ್ಕೆ ಬೀಸಿ ಮೀನು ಹಿಡಿಯುವ ಕೋಲು, ತರಿಸಿಕೊಂಡಿದ್ದೀರಿ. ಯೂಟ್ಯೂಬ್ ನೋಡಿ ಬೀಸಿದರೆ ಅದರ ದಪ್ಪ ದಾರ, ಅಂದರೆ ಲೈನ್, ಕಾಲ ಬುಡದಲ್ಲೇ ಗುಡ್ಡೆ ಬೀಳುತ್ತಿದೆ. ಇನ್‌ಸ್ಟ್ರಕ್ಟರ್‌ಗೆ ದುಡ್ಡು ಕೊಡಬೇಕಾ, ಗೈಡ್ ಹಿಡಿಯಬೇಕಾ, ಇಲ್ಲ ಸುಮ್ನೆ ಬೀಸ್ತಾ ಇದ್ದರೆ ತಾನಾಗೇ ಬರುತ್ತಾ ಅಂತ ಕೇಳಿದ್ದೀರಿ.

ನಾನು ಗಂಗಾವತಿಯವನು. ಫ್ಲೈ ರಾಡ್ ಹುಚ್ಚು ಹಿಡಿದು ಕೆಲ ವರ್ಷಗಳಾದವು. ಈಗ ಆಸಕ್ತಿ ಇರುವ ಹುಡುಗರಿಗೆ ಮೈದಾನದಲ್ಲಿ ಬೀಸೋದು ಹೇಳಿಕೊಡುತ್ತೇನೆ. ನನ್ನನ್ನು ಕೇಳಿದರೆ, ಇನ್‌ಸ್ಟ್ರಕ್ಟರ್‌ಗೆ ಒಂದೆರಡು ಪಾಠದ ದುಡ್ಡು ಕೊಡಿ. ಹೊರಗಿನಿಂದ ಗೈಡ್ ಕರೆಸಬೇಡಿ. ಇಬ್ಬರ ಕೆಲಸವೂ ಬೇರೆ. ಇನ್‌ಸ್ಟ್ರಕ್ಟರ್ ನೋಡುವುದು ನಿಮ್ಮ ಕೈ, ಗೈಡ್ ನೋಡುವುದು ನೀರು. ನಮ್ಮ ನೀರು ಬಲ್ಲವರು ನಮ್ಮ ದಂಡೆಯಲ್ಲೇ ಇದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಾಮೂಲಿ ಗಾಳದಲ್ಲಿ ಸೀಸದ ಗುಂಡು ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಅಂದರೆ ಕೊಕ್ಕೆಗೆ ಕಟ್ಟಿದ ಪುಕ್ಕ, ಅದಕ್ಕೆ ತೂಕ ಅನ್ನೋದೇ ಇಲ್ಲ. ಇಲ್ಲಿ ಹಾರಬೇಕಾದ್ದು ಆ ದಪ್ಪ ಲೈನೇ. ನಿಮ್ಮ ಐದನೇ ನಂಬರ್ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಅಷ್ಟೂ ಲೈನ್ ಬೆನ್ನ ಹಿಂದೆ ನೆಟ್ಟಗೆ ಚಾಚಿಕೊಂಡ ಮೇಲೆ ಮುಂದಕ್ಕೆ ಬೀಸಿದರೆ ರಾಡ್ ಚೆನ್ನಾಗಿ ಬಾಗುತ್ತದೆ. ಗಕ್ಕನೆ ನಿಲ್ಲಿಸಿದರೆ ಲೈನ್ ಮಡಚಿಕೊಂಡು, ಬಿಚ್ಚಿಕೊಳ್ಳುತ್ತಾ ಮುಂದೆ ಓಡುತ್ತದೆ. ಆ ಮಡಿಕೆಯನ್ನೇ ಲೂಪ್ ಅನ್ನುತ್ತಾರೆ. ತೊಂದರೆ ಏನಂದರೆ, ಅರ್ಧ ಕೆಲಸ ನಿಮ್ಮ ಹಿಂದೆ ನಡೆಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ತಪ್ಪು ಎಲ್ಲಿದೆ ಅಂತ ಗೊತ್ತಾಗದೆ ಜೋರಾಗಿ ಬೀಸುತ್ತೀರಿ, ಇನ್ನೂ ಕೆಡುತ್ತದೆ.

ಒಳ್ಳೆಯ ಇನ್‌ಸ್ಟ್ರಕ್ಟರ್ ಲೂಪ್ ನೋಡಿಯೇ ಕೈಯಲ್ಲಿ ಏನಾಗಿದೆ ಅಂತ ಹೇಳಿಬಿಡುತ್ತಾರೆ. ಲೂಪ್ ಅಗಲವಾಗಿ ಬಂದು ಲೈನ್ ಸೋತು ಬಿದ್ದರೆ, ರಾಡಿನ ತುದಿ ಕಮಾನಿನ ಹಾಗೆ ಮೇಲೆದ್ದು ಕೆಳಗಿಳಿದಿದೆ. ಹೆಚ್ಚಾಗಿ ಮಣಿಕಟ್ಟು ಹಿಂದಕ್ಕೆ ಜಾಸ್ತಿ ಬಾಗಿದ್ದೇ ಕಾರಣ. ಲೂಪಿನ ಮೇಲಿನ ಎಳೆ ಕೆಳಗಿನದಕ್ಕೆ ಬಡಿದು ಗಂಟು ಬಿದ್ದರೆ, ಶುರುವಿನಲ್ಲೇ ಪೂರ್ತಿ ಶಕ್ತಿ ಹಾಕಿ ಗುದ್ದಿದ್ದೀರಿ, ತುದಿ ತಗ್ಗಿಗೆ ಇಳಿದು ಮತ್ತೆ ಎದ್ದಿದೆ. ಹಿಂದಿನಿಂದ ಬಾರುಕೋಲು ಬೀಸಿದ ಹಾಗೆ ಚಟ್ ಅಂತ ಸದ್ದು ಬಂದರೆ ಕಾಯಲಿಲ್ಲ ಅಂತ ಲೆಕ್ಕ. ಲೈನ್ ಉದ್ದವಾದಷ್ಟೂ ಹಿಂದೆ ಕಾಯುವ ಹೊತ್ತೂ ಉದ್ದವಾಗಬೇಕು. ನಿಮ್ಮದು ಕಾಲ ಬುಡದಲ್ಲಿ ಗುಡ್ಡೆ ಬೀಳುತ್ತಿದೆ ಅಂದರೆ ಎರಡು ಅನುಮಾನ: ಮಣಿಕಟ್ಟು, ಇಲ್ಲವೇ ಶುರುವಿನಲ್ಲೇ ಲೈನ್ ಸಡಿಲ ಇರೋದು. ರಾಡಿನ ತುದಿಯನ್ನು ನೆಲದ ಹತ್ತಿರ ಇಳಿಸಿ, ಲೈನ್ ಬಿಗಿ ಮಾಡಿಕೊಂಡು ಎತ್ತಿ ನೋಡಿ.

ಯೂಟ್ಯೂಬಿನಲ್ಲಿ ಗಡಿಯಾರದ ಲೆಕ್ಕ ನೋಡಿರುತ್ತೀರಿ ಅಲ್ವಾ? ರಾಡನ್ನು ಗಡಿಯಾರದ ಮುಳ್ಳು ಅಂದುಕೊಂಡು, ಮುಂದೆ ಹತ್ತು ಗಂಟೆಯಲ್ಲಿ ನಿಲ್ಲಿಸಿ, ಹಿಂದೆ ಎರಡು ಗಂಟೆಯಲ್ಲಿ ನಿಲ್ಲಿಸಿ ಅಂತ. ಅಮೆರಿಕದ ಹೆಸರಾಂತ ಗುರು ಲೆಫ್ಟಿ ಕ್ರೇ (1925–2018) ಇದನ್ನು ಒಪ್ಪಲೇ ಇಲ್ಲ. ಲೈನ್ ಜಾಸ್ತಿ ಇದ್ದರೆ ಕೈಯೂ ಜಾಸ್ತಿ ದೂರ ಓಡಬೇಕು, ಗಡಿಯಾರ ಹಿಡಿದುಕೊಂಡರೆ ಅದಕ್ಕೆ ಅಡ್ಡಿ. ಅಲ್ಲಿಯವರೇ ಆದ ಗ್ಯಾಮೆಲ್ ತಂದೆ-ಮಗ ಐದು ಮಾತು ಹೇಳಿದ್ದಾರೆ. ಲೈನ್ ಸಡಿಲ ಇರಬಾರದು, ರಾಡಿನ ತುದಿ ನೇರ ಗೆರೆಯಲ್ಲಿ ಹೋಗಬೇಕು, ಬೀಸಿನ ಉದ್ದ ಲೈನಿಗೆ ತಕ್ಕಂತೆ ಇರಬೇಕು, ಶಕ್ತಿ ಸರಿಯಾದ ಜಾಗದಲ್ಲಿ ಬೀಳಬೇಕು, ನಡುವೆ ಕಾಯಬೇಕು. ಬಹಳಷ್ಟು ಇನ್‌ಸ್ಟ್ರಕ್ಟರ್‌ಗಳು ಇವತ್ತಿಗೂ ಕಲಿಸೋದು ಇದನ್ನೇ. ಹೊಸಬರಿಗೆ ನಾನು ಕೊನೆಯದನ್ನೇ ಮೊದಲು ಹೇಳುತ್ತೇನೆ.

ಯಾರನ್ನು ಆರಿಸಬೇಕು? ಅಮೆರಿಕದ ಫ್ಲೈ ಫಿಶರ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ 1992ರಿಂದ ಪರೀಕ್ಷೆ ಮಾಡಿ ಇನ್‌ಸ್ಟ್ರಕ್ಟರ್‌ಗಳಿಗೆ ಸರ್ಟಿಫಿಕೇಟ್ ಕೊಡುತ್ತಿದೆ. ಆ ಪರೀಕ್ಷೆಯಲ್ಲಿ ನನಗೆ ಇಷ್ಟವಾದ ವಿಷಯ ಒಂದಿದೆ. ಬೇಕಂತಲೇ ತಪ್ಪಾಗಿ ಬೀಸಿ ತೋರಿಸಿ, ಅದು ಯಾಕೆ ಹಾಗಾಗುತ್ತದೆ ಅಂತ ವಿವರಿಸಬೇಕು. ಸರ್ಟಿಫಿಕೇಟ್ ಇಲ್ಲದವರಲ್ಲೂ ಚೆನ್ನಾಗಿ ಕಲಿಸುವವರು ಇರುತ್ತಾರೆ. ನಾನು ನೋಡುವುದು ಇಷ್ಟೇ: ಬಂದ ತಕ್ಷಣ ತಮ್ಮ ಉದ್ದನೆಯ ಕಾಸ್ಟ್ ತೋರಿಸಿ ಮೆರೆಯುತ್ತಾರಾ, ಇಲ್ಲ ನಿಮ್ಮ ಕೈಗೆ ರಾಡ್ ಕೊಟ್ಟು ಸುಮ್ಮನೆ ನಿಂತು ನೋಡುತ್ತಾರಾ? ಎರಡನೆಯವರ ಹತ್ತಿರ ಹೋಗಿ. ಒಂದೇ ಸಲಕ್ಕೆ ನಾಲ್ಕು ತಪ್ಪು ತಿದ್ದುವವರೂ ಬೇಡ, ತಲೆ ಕೆಡುತ್ತದೆ.

ದೂರ ಹೋಗೋಕಾಗದಿದ್ದರೆ ಆನ್‌ಲೈನ್ ಪಾಠವೂ ನಡೆಯುತ್ತದೆ, ವೀಡಿಯೋ ಸರಿಯಾಗಿದ್ದರೆ. ಸ್ನೇಹಿತರೊಬ್ಬರನ್ನು ಪಕ್ಕಕ್ಕೆ, ಸಾಕಷ್ಟು ದೂರ ನಿಲ್ಲಿಸಿ. ಸ್ಲೋ ಮೋಷನ್ ಹಾಕಿಸಿ. ರಾಡಿನ ತುದಿ, ಹಿಂದಿನ ಲೂಪ್, ಮುಂದಿನ ಲೂಪ್ ಮೂರೂ ಫ್ರೇಮಿನಲ್ಲಿರಬೇಕು. ಮುಖ ಕಾಣದಿದ್ದರೂ ನಡೆಯುತ್ತೆ. ಒಬ್ಬರೇ ಇದ್ದಾಗ ರಾಡನ್ನು ಅಡ್ಡ ಹಿಡಿದು, ಸೊಂಟದ ಎತ್ತರದಲ್ಲಿ, ಎಡಕ್ಕೆ ಬಲಕ್ಕೆ ಬೀಸಿ. ಆಗ ಎರಡೂ ಲೂಪ್ ಕಣ್ಣೆದುರೇ ಇರುತ್ತವೆ. ಕೊಕ್ಕೆ ತೆಗೆದು ಉಲ್ಲನ್ ಚೂರು ಕಟ್ಟಿಕೊಳ್ಳಿ. ಹುಲ್ಲಿನ ಮೇಲೆ ಮಾಡಿ, ಸಿಮೆಂಟ್ ನೆಲ ಲೈನನ್ನು ಉಜ್ಜಿ ಹಾಳು ಮಾಡುತ್ತದೆ. ನೀರಿಗೆ ಹೋದ ಮೇಲೆ ಟೋಪಿ, ಕನ್ನಡಕ ಕಡ್ಡಾಯ. ಗಾಳಿ ಬಲಗಡೆಯಿಂದ ಬೀಸುತ್ತಿದ್ದರೆ, ಬಲಗೈಯವರ ಮುಖಕ್ಕೇ ಕೊಕ್ಕೆ ಬರುತ್ತದೆ. ಆಗ ರಾಡ್ ವಾಲಿಸಿ ಎಡ ಭುಜದ ಮೇಲಿಂದ ಬೀಸಬೇಕು. ಆಷಾಢದ ಗಾಳಿಯಲ್ಲಿ ಕಲಿಯೋಕೆ ಹೋಗಬೇಡಿ, ಬೇಸರ ಬಂದು ರಾಡ್ ಅಟ್ಟ ಸೇರುತ್ತದೆ.

ಲೈನ್ ಬಗ್ಗೆ ಒಂದು ಮಾತು. ತಣ್ಣೀರಿನ ಟ್ರೌಟ್ ಮೀನಿಗೆ ಅಂತ ಮಾಡಿದ ಲೈನ್ ರಾಯಚೂರಿನ ಬಿಸಿಲಿಗೆ ಮೆತ್ತಗಾಗಿ ಅಂಟಂಟಾಗುತ್ತದೆ. ಆಗ ಎಷ್ಟು ಚೆನ್ನಾಗಿ ಬೀಸಿದರೂ ಜಾರುವುದಿಲ್ಲ. ಟ್ರಾಪಿಕಲ್ ಅಂತ ಬರೆದಿರುವುದನ್ನೇ ಕೊಳ್ಳಿ.

ಈಗ ಗೈಡ್ ವಿಷಯ. ನಮ್ಮ ಕೆರೆಗಳಲ್ಲಿ ಫ್ಲೈಗೆ ಸಿಗುವ ಒಳ್ಳೆಯ ಮೀನು ಮುರ್ರೆಲ್, ನಮ್ಮ ಕಡೆ ಕೊರಮೀನು. ಅದು ಗಾಳಿ ಕುಡಿಯೋಕೆ ಆಗಾಗ ಮೇಲೆ ಬರುತ್ತದೆ. ಯಾವ ಜೊಂಡಿನ ಪಕ್ಕದಲ್ಲಿ, ಎಷ್ಟು ಹೊತ್ತಿಗೆ ಬರುತ್ತದೆ ಅಂತ ದಿನಾ ಬಲೆ ಬಿಡುವವರಿಗೆ ಗೊತ್ತು. ಹೊರಗಿನ ಗೈಡ್ ಅದನ್ನು ತಿಳಿಯೋಕೆ ನಿಮ್ಮ ದುಡ್ಡಿನಲ್ಲೇ ದಿನ ಕಳೆಯಬೇಕು. ಬೆಳಿಗ್ಗೆ ದಂಡೆಗೆ ಹೋಗಿ, ಚಹಾ ಕುಡಿಸಿ, ಮಾತಾಡಿಸಿ. ಮೊದಮೊದಲು ನಿಮ್ಮ ಪುಕ್ಕ ನೋಡಿ ನಗುತ್ತಾರೆ, ನಗಲಿ. ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಕಂಡರೆ ಅಲ್ಲಿಗೆ ಬೀಸಬೇಡಿ. ಕೆಳಗೆ ತಾಯಿ-ತಂದೆ ಕಾವಲಿರುತ್ತವೆ. ಅವನ್ನು ಹಿಡಿದರೆ ಮರಿಗಳನ್ನು ಬೇರೆ ಮೀನುಗಳು ಮುಗಿಸುತ್ತವೆ. ಮೂವತ್ತು-ನಲವತ್ತು ಅಡಿ ಬೀಸೋಕೆ ಬಂದರೆ ಕೆರೆಗೆ ಸಾಕು.

ವೀಡಿಯೋದಲ್ಲಿ ವಿದೇಶಿ ಗೈಡ್‌ಗಳು ಸೊಂಟದವರೆಗೆ ನೀರಿನಲ್ಲಿ ನಿಂತಿರುತ್ತಾರೆ. ಕೃಷ್ಣೆಯಲ್ಲಾಗಲಿ ತುಂಗಭದ್ರೆಯಲ್ಲಾಗಲಿ ಅದು ಬೇಡವೇ ಬೇಡ, ಮೊಸಳೆ ಇವೆ. ನಾರಾಯಣಪುರದಿಂದಲೋ ಟಿಬಿ ಡ್ಯಾಮಿನಿಂದಲೋ ನೀರು ಬಿಡುವ ಸುದ್ದಿ ಇದ್ದರೆ ನದಿ ಕಡೆಗೇ ಹೋಗಬೇಡಿ. ಕೆರೆಯಾದರೆ ಗುತ್ತಿಗೆ ಹಿಡಿದ ಮೀನುಗಾರರ ಸಂಘವನ್ನು ಕೇಳಿ, ನದಿಯಾದರೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಕೊಪ್ಪಳ ಕಡೆಯ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯನ್ನು ಕೇಳದೆ ಅಲ್ಲಿ ರಾಡ್ ಬಿಚ್ಚಬೇಡಿ.