ಗಜಕರ್ಣ, ಸರ್ಪಸುತ್ತು, ಮತ್ತೆ ಅಮ್ಮ ಕೊಟ್ಟ ಕಿಡ್ನಿ

ಕಿಡ್ನಿ ಕಸಿ ಆದವರಲ್ಲಿ ಇದೇ ಕಥೆ ಪದೇ ಪದೇ ಬರ್ತಾ ಉಂಟು, ಹಾಗಾಗಿ ಬರೀತಿದ್ದೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು, ಕಿಡ್ನಿ ಕೊಟ್ಟದ್ದು ಅಮ್ಮ. ಬೆರಳಲ್ಲಿ ನರಹುಲಿ ಮೊದಲೇ ಇತ್ತು, ಮಳೆಗಾಲದಲ್ಲಿ ಸೊಂಟಕ್ಕೆ, ತೊಡೆಸಂದಿಗೆ ಗಜಕರ್ಣ ಹಬ್ಬಿತು, ಅದರ ಮೇಲೆ ಎದೆಯ ಒಂದು ಬದಿಗೆ ಸರ್ಪಸುತ್ತು. ಮನೆಯಲ್ಲಿ ನಾಗನಿಗೆ ತಂಬಿಲದ ಪೂಜೆ ಮಾಡಿಸುವ ಮಾತು, ಮೆಡಿಕಲ್‌ನವರದ್ದು ಒಂದು ಟ್ಯೂಬ್, ಜೊತೆಗೆ ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್ ಮಾತ್ರೆ.

ಡಾಕ್ಟ್ರು ಇವರನ್ನ ಮಾತಾಡಿಸಿ ಅಂತ ನನ್ನ ಹತ್ರ ಕಳಿಸಿದ್ದು ಚರ್ಮಕ್ಕಲ್ಲ, ಕಸಿ ಕಿಡ್ನಿ ಉಳಿಸ್ಲಿಕ್ಕೆ ಕೊಡುವ ರಾತ್ರಿಯ ಮಾತ್ರೆ ಟ್ಯಾಕ್ರೋಲಿಮಸ್ ಇವರೇ ಬಿಟ್ಟಿದ್ದಾರೆ ಅಂತ ಗೊತ್ತಾದ್ದಕ್ಕೆ. ಯಾಕೆ ಅಂತ ಕೇಳಿದ್ರೆ ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಅಮ್ಮನ ಕಿಡ್ನಿ ನಂಗೆ ಆಗಿಬರ್ಲಿಲ್ಲ ಮೇಡಂ, ಅದೇ ಮೈಮೇಲೆ ನಮೂನೆ ನಮೂನೆ ಏಳ್ತಾ ಉಂಟು. ಅಮ್ಮಂಗೆ ಹೇಳ್ಬೇಡಿ."

ನಾನು ಹೇಳ್ಲಿಲ್ಲ, ನೀವೇ ಹೇಳಿ, ಇಲ್ಲೇ ಹೇಳಿ ಅಂದೆ. ಇದು ಜಾಸ್ತಿಯಾಯ್ತು ಅಂತ ನಮ್ಮಲ್ಲೇ ಒಬ್ರು ಅಂದ್ರು. ನಂಗೆ ಹಾಗೆ ಅನಿಸಲ್ಲ, ದಿನಾ ಮಾತ್ರೆ ತೆಗೆದು ಕೊಡೋದು ಆ ಅಮ್ಮನೇ, ಅವರಿಂದ ಮುಚ್ಚಿಟ್ಟು ಎಷ್ಟು ದಿನ ನಡೀತದೆ? ಇವರು ಒಪ್ಪಿದ ಮೇಲೆಯೇ ಅಮ್ಮನನ್ನ ಒಳಗೆ ಕರೆದದ್ದು.

ಅಮ್ಮ ಪೂರ್ತಿ ಕೇಳಿದ್ರು, ಮಗನ ಶರ್ಟ್ ಎತ್ತಿ ಸೊಂಟ ನೋಡಿದ್ರು. "ಇದು ನಿನ್ನ ಅಪ್ಪನಿಗೂ ಪ್ರತಿ ಆಟಿ ತಿಂಗಳ ಮಳೆಯಲ್ಲಿ ಬರ್ತಿತ್ತು. ಅವರಿಗೆ ಯಾರ ಕಿಡ್ನಿ ಹಾಕಿದ್ದು ಮಾರಾಯ?"

ಮಗ ನಕ್ಕುಬಿಟ್ರು, ಮತ್ತೆ ನನ್ನ ಮಾತಿಗೂ ಕಿವಿ ಸಿಕ್ಕಿತು. ಹೊಸ ಕಿಡ್ನಿಯನ್ನ ಮೈ ತಿರಸ್ಕರಿಸಬಾರ್ದು ಅಂತ ಮಾತ್ರೆ ರೋಗನಿರೋಧಕ ಶಕ್ತಿಯನ್ನ ತಗ್ಗಿಸಿ ಇಡ್ತದೆ, ಆಗ ಫಂಗಸ್, ನರಹುಲಿಯ ವೈರಸ್, ಹಿಂದೆ ಯಾವಾಗಲೋ ಚಿಕನ್‌ಪಾಕ್ಸ್ ಬಂದು ನರದಲ್ಲಿ ಅಡಗಿ ಕೂತ ಸರ್ಪಸುತ್ತಿನ ವೈರಸ್ ಎಲ್ಲ ಒಟ್ಟಿಗೆ ಏಳಬಹುದು, ಮೂರೂ ಬೇರೆ, ಮದ್ದೂ ಬೇರೆ. ಮಾತ್ರೆ ಬಿಟ್ರೆ ಕಿಡ್ನಿಯೇ ಹೋಗಬಹುದು. ಇಟ್ರಾಕೊನಜೋಲ್ ಇನ್ನೊಂದು ತೊಂದರೆ, ಅದು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರಿಸ್ತದೆ, ಜಾಸ್ತಿಯಾದ್ರೆ ಅದೂ ಕಿಡ್ನಿಗೇ ಪೆಟ್ಟು, ದಿಢೀರ್ ನಿಲ್ಲಿಸಿದ್ರೆ ಮಟ್ಟ ಕುಸೀತದೆ. ಒಂದು ಕಡೆ ಮಾತ್ರೆ ಬಿಟ್ಟು ಮಟ್ಟ ಇಳಿಸಿ ಇನ್ನೊಂದು ಕಡೆ ಇಟ್ರಾಕೊನಜೋಲ್‌ನಿಂದ ಏರಿಸಿಕೊಂಡವರ ಲೆಕ್ಕ ರಕ್ತಪರೀಕ್ಷೆ ಬಿಟ್ರೆ ಬೇರೆ ಯಾರಿಗೂ ಗೊತ್ತಾಗಲ್ಲ.

ತಂಬಿಲ ಬೇಡ ಅಂತ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಮಾಡ್ಸಿ, ಆದ್ರೆ ಅದಕ್ಕೆ ದಿನ ನೋಡೋ ಮೊದಲು ಡಾಕ್ಟ್ರ ಹತ್ರ ಹೋಗಿ, ಸರ್ಪಸುತ್ತಿನ ಮದ್ದು ಗುಳ್ಳೆ ಎದ್ದು 72 ಗಂಟೆಯೊಳಗೆ ಶುರುವಾದ್ರೆ ಒಳ್ಳೇದು, ಕಸಿ ಆದವರು ತಡವಾದ್ರೂ ಹೋಗಲೇಬೇಕು.

ಗಜಕರ್ಣ ಹೋಗ್ಲಿಕ್ಕೆ ತಿಂಗಳುಗಳೇ ಬೇಕಾಯ್ತು. ನರಹುಲಿ ಈಗಲೂ ಉಂಟಂತೆ, ಚರ್ಮದ ಡಾಕ್ಟ್ರು ನೋಡ್ತಾ ಇದ್ದಾರೆ.